ಸಂಶೋಧಕನ ಯೋಗ್ಯತೆಗೆ ಎಣಿಕೆಯೊಂದೇ ಅಳತೆಗೋಲೇ?

ಭಾನುವಾರದ ಬಲಿಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ನಾಲ್ಕು ಮಂದಿ ಕೂಡಿದಾಗ, ವೈದ್ಯಕೀಯ ಸಂಶೋಧನೆಯಲ್ಲಿ ತೊಡಗಿರುವ ಮಕ್ಕಳ ಮಾತು ಬಂದರೆ ನಾವು ಕೇಳುವ ಮೊದಲ ಪ್ರಶ್ನೆ ಒಂದೇ: "ಎಷ್ಟು ಲೇಖನಗಳು ಪ್ರಕಟವಾಗಿವೆ?" ಯಾವ ರೋಗದ ಬಗ್ಗೆ ಶೋಧಿಸುತ್ತಿದ್ದಾರೆ, ಏನನ್ನು ಕಂಡುಕೊಂಡರು ಎಂದು ವಿಚಾರಿಸುವವರು ವಿರಳ. ನೇಮಕಾತಿ, ಬಡ್ತಿ ಹಾಗೂ ಅನುದಾನದ ಸಮಿತಿಗಳೂ ಬಹುಮಟ್ಟಿಗೆ ಇದನ್ನೇ ಕೇಳುತ್ತವೆ. ಅವುಗಳ ಮುಂದೆ ಇನ್ನೊಂದು ಲೆಕ್ಕವೂ ಇರುತ್ತದೆ. ಆ ಲೇಖನಗಳನ್ನು ಇತರ ವಿಜ್ಞಾನಿಗಳು ತಮ್ಮ ಬರಹಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದೇ ಆ ಲೆಕ್ಕ. ಒಬ್ಬ ಸಂಶೋಧಕನ ಬಗ್ಗೆ ಇದೇ ಅಂತಿಮ ತೀರ್ಪಾಗಬಹುದೇ?

ಉತ್ತರಕ್ಕಾಗಿ ಪರದೇಶಕ್ಕೆ ಹೋಗಬೇಕಾಗಿಲ್ಲ. ಕಲ್ಕತ್ತೆಯ ಡಾ. ಶಂಭುನಾಥ ಡೇ ಅವರ ಬದುಕನ್ನು ಅವಲೋಕಿಸಿದರೆ ಸಾಕು. 1915ರಲ್ಲಿ ಹೂಗ್ಲಿ ಜಿಲ್ಲೆಯಲ್ಲಿ ಜನಿಸಿದ ಅವರು ಲಂಡನ್ನಿನಲ್ಲಿ ಪಿಎಚ್.ಡಿ. ಪದವಿ ಪಡೆದು, 1949ರಲ್ಲಿ ಸ್ವದೇಶಕ್ಕೆ ಮರಳಿ, ಕಾಲರಾ ರೋಗದ ಅಧ್ಯಯನದಲ್ಲಿ ತೊಡಗಿದರು. ಕಾಲರಾದ ರೋಗಾಣುವನ್ನು ರಾಬರ್ಟ್ ಕಾಕ್ 1884ರಲ್ಲೇ ಗುರುತಿಸಿದ್ದರು. ಆದರೆ ಅದು ರೋಗಿಯ ದೇಹದ ನೀರನ್ನು ಹೇಗೆ ಬರಿದು ಮಾಡುತ್ತದೆ ಎಂಬುದು ಇತ್ಯರ್ಥವಾಗಿರಲಿಲ್ಲ. ಡೇ ಅವರು ಮೊಲದ ಕರುಳಿನ ಒಂದು ತುಂಡನ್ನು ಎರಡೂ ಬದಿಯಲ್ಲಿ ದಾರದಿಂದ ಬಿಗಿದು, ಒಳಗೆ ರೋಗಾಣುವನ್ನು ಸೇರಿಸಿದರು. ಆ ಭಾಗ ನೀರು ತುಂಬಿ ಉಬ್ಬಿತು. ಈ ವಿಧಾನದ ವಿವರವನ್ನು ಸಹೋದ್ಯೋಗಿಯೊಡನೆ 1953ರಲ್ಲಿ ಪ್ರಕಟಿಸಿದರು. ಬಳಿಕ ರೋಗಾಣು ಬೆಳೆದ ದ್ರವವನ್ನು ಸೋಸಿ, ರೋಗಾಣುವೇ ಇಲ್ಲದ ದ್ರವವನ್ನು ಕರುಳಿಗೆ ಹಾಕಿದರು. ಆಗಲೂ ಕರುಳು ಉಬ್ಬಿತು. ರೋಗಾಣು ಹೊರಸೂಸುವ ವಿಷವೇ ಇದಕ್ಕೆ ಕಾರಣವೆಂದು ಹೀಗೆ ಸಿದ್ಧವಾಯಿತು. ಆ ಚಿಕ್ಕ ಲೇಖನ 1959ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರೊಬ್ಬರ ಹೆಸರಿನಲ್ಲೇ ಪ್ರಕಟವಾಯಿತು.

ಆರಂಭದ ವರ್ಷಗಳಲ್ಲಿ ಅದನ್ನು ಗಮನಿಸಿದವರು ಕಡಿಮೆ. 1973ರಲ್ಲಿ ಡೇ ಅವರು ಸೇವೆಯಿಂದ ನಿವೃತ್ತರಾದರು. 1978ರಲ್ಲಿ ನೊಬೆಲ್ ಪ್ರತಿಷ್ಠಾನವು ಕಾಲರಾ ಕುರಿತ ತನ್ನ ವಿಚಾರಗೋಷ್ಠಿಗೆ ಅವರನ್ನು ಆಹ್ವಾನಿಸಿತು. ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಅವರು ಆ ಪುರಸ್ಕಾರಕ್ಕೆ ಡೇ ಅವರ ಹೆಸರನ್ನು ಸೂಚಿಸಿದ್ದರು. ಆದರೂ 1985ರಲ್ಲಿ ತೀರಿಕೊಳ್ಳುವ ತನಕ ನಮ್ಮ ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ. ಮರುವರ್ಷ, ಅಂದರೆ 1986ರಲ್ಲಿ, ಕಾಲರಾ ಸಂಶೋಧನೆಯ ಮೇಲೆ ಅವರ ಪ್ರಭಾವವೆಷ್ಟೆಂಬುದನ್ನು ಬರೆದು ತೋರಿಸಿದವರು ಯೂಜೀನ್ ಗಾರ್‌ಫೀಲ್ಡ್. ಉಲ್ಲೇಖಗಳನ್ನು ದಾಖಲಿಸುವ 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಸೂಚಿಯನ್ನು 1964ರಲ್ಲಿ ಆರಂಭಿಸಿದವರು ಅವರೇ! ಎಣಿಕೆಯಿಂದ ಉಪಯೋಗವಿಲ್ಲವೆಂದು ನಾವು ಹೇಳುವುದಿಲ್ಲ. ಕಾಲ ಕೂಡಿಬಂದಾಗ ಅದು ಸತ್ಯವನ್ನೇ ನುಡಿಯಬಲ್ಲದು. ಆದರೆ 1960ರ ದಶಕದ ಆರಂಭದಲ್ಲಿ ಎಣಿಸಿ ತೀರ್ಪು ಕೊಟ್ಟಿದ್ದರೆ ಆ ತೀರ್ಪು ತಪ್ಪಾಗುತ್ತಿತ್ತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಅಮೆರಿಕದ ಆಲಿವರ್ ಲೌರಿ ಮತ್ತು ಸಂಗಡಿಗರು ಪ್ರೋಟೀನಿನ ಪ್ರಮಾಣವನ್ನು ಅಳೆಯುವ ವಿಧಾನವನ್ನು ವಿವರಿಸಿ 1951ರಲ್ಲಿ ಪ್ರಕಟಿಸಿದ ಲೇಖನವನ್ನು 3 ಲಕ್ಷಕ್ಕೂ ಹೆಚ್ಚು ಸಲ ಉಲ್ಲೇಖಿಸಲಾಗಿದೆ. ಆದರೆ ಅದು ಮಹತ್ತಾದ ಲೇಖನವಲ್ಲವೆಂದು ಸ್ವತಃ ಲೌರಿ ಅವರೇ ಒಪ್ಪಿಕೊಂಡಿದ್ದರು. ಪ್ರಯೋಗಾಲಯಗಳಲ್ಲಿ ದಿನನಿತ್ಯ ಬೇಕಾಗುವ ವಿಧಾನವಾದ್ದರಿಂದ ಎಲ್ಲರೂ ಅದನ್ನು ಹೆಸರಿಸಿದರು. ಹೀಗಿರುವಾಗ ಹೆಚ್ಚು ಉಲ್ಲೇಖವಾದುದೆಲ್ಲ ಹಿರಿದು, ಉಲ್ಲೇಖವಾಗದ್ದೆಲ್ಲ ಕಿರಿದು ಎನ್ನುವುದು ಎಷ್ಟು ಸರಿ?

ಎಣಿಕೆಯನ್ನೇ ನಿಯಮವಾಗಿಸಿದರೆ ಸಂಖ್ಯೆಯನ್ನು ತುಂಬಿಸುವ ದಾರಿಗಳೂ ಹುಟ್ಟಿಕೊಳ್ಳುತ್ತವೆ. ಪಿಎಚ್.ಡಿ. ಮಹಾಪ್ರಬಂಧ ಸಲ್ಲಿಸುವ ಮುನ್ನ ಒಂದು ಲೇಖನವಾದರೂ ಪ್ರಕಟವಾಗಿರಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2009ರಲ್ಲಿ ವಿಧಿಸಿತು. ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳಿಗೆ ಇಂಥ ನಿಯಮಗಳಿಂದ ಸುಗ್ಗಿಯಾಯಿತು. 2022ರಲ್ಲಿ ಆಯೋಗವು ಈ ಕಡ್ಡಾಯವನ್ನು ಕೈಬಿಟ್ಟಿತು. ಅದು ಸ್ವಾಗತಾರ್ಹ. ಆದರೆ ನಿಯಮ ಹೋದರೂ ಮನೋಭಾವ ಹೋಗಿಲ್ಲ ಎಂಬುದನ್ನು ಅಲ್ಲಗಳೆಯಲಾಗದು. ವೈದ್ಯಕೀಯದಲ್ಲಿ ಇದು ಕೇವಲ ಬಡ್ತಿಯ ಪ್ರಶ್ನೆಯೂ ಅಲ್ಲ. ಅವಸರದಲ್ಲಿ ಹೆಣೆದ ಲೇಖನವನ್ನು ನಂಬಿ ಚಿಕಿತ್ಸೆ ನಡೆದರೆ ಅದರ ಫಲವನ್ನು ಉಣ್ಣುವವನು ಹಾಸಿಗೆ ಹಿಡಿದ ರೋಗಿ.

ಆದುದರಿಂದ ನೇಮಕ ಮಾಡುವ ಸಮಿತಿಗಳು ಅಭ್ಯರ್ಥಿಯ ಲೇಖನಗಳನ್ನು ಎಣಿಸುವ ಮೊದಲು ಅವುಗಳಲ್ಲಿ ಎರಡನ್ನಾದರೂ ಓದಲಿ ಎಂಬುದು ನಮ್ಮ ಆಗ್ರಹ. ಕಾಲೇಜು, ಆಸ್ಪತ್ರೆಗಳನ್ನು ನಡೆಸುವ ನಮ್ಮ ಸಂಸ್ಥೆಗಳು ಇದರಲ್ಲಿ ಮೇಲ್ಪಂಕ್ತಿ ಹಾಕಿಕೊಡಲಿ. ಹೆತ್ತವರಲ್ಲೂ ನಮ್ಮದೊಂದು ವಿನಂತಿ. ಮೂರು ವರ್ಷ ದುಡಿದು ಒಂದೇ ಲೇಖನ ಬರೆದ ಮಗಳನ್ನು ಹತ್ತು ಬರೆದ ನೆರೆಮನೆಯವನೊಡನೆ ತೂಗಬೇಡಿ. ಮುಂದಿನ ಸಲ ಅವಳು ರಜೆಯಲ್ಲಿ ಮನೆಗೆ ಬಂದಾಗ, "ನೀನು ಏನನ್ನು ಹುಡುಕುತ್ತಿದ್ದೀ ಮಗಾ?" ಎಂದು ಕೇಳಿ, ಕುಳಿತು ಆಲಿಸಿ. ಅವಳಿಗೆ ಅದಕ್ಕಿಂತ ದೊಡ್ಡ ಪ್ರೋತ್ಸಾಹ ಬೇರೊಂದಿಲ್ಲ.