ತಾತನ ಮನೆಯ ಬಾಗಿಲು

ತೋಟದ ಲೈನುಗಳಲ್ಲಿ ಬೆಳೆದವರಲ್ಲಿ ಎಷ್ಟೋ ಮಂದಿ ತಮ್ಮ ತಾತ ಅಜ್ಜಿಯರ ಮುಖವನ್ನೇ ನೋಡಿಲ್ಲ. ಅಪ್ಪ ಮನೆಯವರ ಮಾತು ಮೀರಿ ಮದುವೆಯಾದ, ಇಲ್ಲವೆ ಜಮೀನಿನ ಪಾಲಿಗಾಗಿ ಅಣ್ಣತಮ್ಮಂದಿರು ಜಗಳವಾಡಿದರು. ಅಂದಿನಿಂದ ಊರಿನ ದಾರಿ ಮುಚ್ಚಿತು. ಆ ಜಗಳ ಹಿರಿಯರದು. ಮೊಮ್ಮಕ್ಕಳು ಅದನ್ನೇ ಪಿತ್ರಾರ್ಜಿತ ಆಸ್ತಿಯೆಂದು ಹೊತ್ತು ತಿರುಗಬೇಕೆ?

ಹಿರಿಯ ನಾಗರಿಕರ 2007ರ ಕಾಯಿದೆಯ ಪ್ರಕಾರ ಪ್ರಾಯಕ್ಕೆ ಬಂದ ಮೊಮ್ಮಕ್ಕಳಿಂದಲೂ ತಾತ ಅಜ್ಜಿ ಜೀವನಾಂಶ ಕೇಳಬಹುದು. ಕಾಯಿದೆ ಹಣ ಕೊಡಿಸೀತು. ‘ಬಾ ಮಗಾ, ಉಣ್ಣು’ ಎಂಬ ಮಾತನ್ನು ಕೊಡಿಸಲಾರದು. ಅದಕ್ಕೆ ನಾವೇ ನಡೆದು ಹೋಗಬೇಕು.

ಹೋಗುವ ಮುಂಚೆ ತಾಯಿತಂದೆಗೆ ತಿಳಿಸಿರಿ. ಆದರೆ ಅವರು ಪಟ್ಟ ನೋವನ್ನು ಮರೆಯಿರಿ ಎನ್ನುವ ಹಕ್ಕು ನಮಗಿಲ್ಲ. ಊರಿನವರಿಗೆ ‘ಪಾಲು ಕೇಳಲು ಬಂದ’ ಎಂಬ ಸಂಶಯ ಬಂದೇ ಬರುತ್ತದೆ. ಆದ್ದರಿಂದ ಮೊದಲ ಸಲ ಪಹಣಿ, ಪತ್ರದ ಮಾತು ಬೇಡ. ನ್ಯಾಯವಾದ ಪಾಲಿದ್ದರೆ ಅದನ್ನು ಬೇರೆ ದಿನ ಕೇಳೋಣ.

ಗೂಡಲೂರು, ಸುಲ್ತಾನ್ ಬತ್ತೇರಿಯಿಂದ ಗುಂಡ್ಲುಪೇಟೆ ಕಡೆ ಹೋಗುವವರಿಗೆ ಗೊತ್ತು: ಕೆಲವು ಬಸ್ಸು, ಆಂಬುಲೆನ್ಸ್ ಬಿಟ್ಟರೆ 2009ರಿಂದ ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಅದರ ಭಯಕ್ಕೆ ಮಧ್ಯಾಹ್ನವೇ ಹೊರಟುಬರಬೇಡಿರಿ. ಉಳಿಯಿರಿ ಎಂದರೆ ಒಂದು ರಾತ್ರಿ ಉಳಿಯಿರಿ. ವರ್ಷಗಳ ಮೌನ ಒಂದು ಲೋಟ ಕಾಫಿಗೆ ಕರಗುವುದಿಲ್ಲ.

ಬಾಗಿಲು ತೆರೆಯದಿದ್ದರೆ? ಇಂಥವರ ಮಗ, ಇಂಥವರ ಮಗಳು ಎಂದು ಹೆಸರು ಹೇಳಿ, ವಿಳಾಸ ಬರೆದಿಟ್ಟು ಬನ್ನಿರಿ. ಆದರೆ ಹೋಗುವುದನ್ನು ಮುಂದೆ ಹಾಕಬೇಡಿರಿ. ಮುಪ್ಪಿನ ಜೀವ ನಮ್ಮ ರಜೆಗಾಗಿ ಕಾಯುವುದಿಲ್ಲ.