ಸಂಶೋಧಕನೂ ಕಲಿಕೆಯ ಸಿದ್ಧಾಂತವೂ

ಶಿಕ್ಷಣದಲ್ಲಿ ಸಂಶೋಧನೆಗೆ ತೊಡಗುವ ಅಧ್ಯಾಪಕರು ತಮ್ಮ ಪ್ರಬಂಧದ ಆರಂಭದಲ್ಲಿಯೇ ಥಾರ್ನ್‌ಡೈಕ್, ಸ್ಕಿನ್ನರ್, ಪಿಯಾಜೆ, ವೈಗೋಟ್ಸ್ಕಿ ಮೊದಲಾದವರನ್ನು ಸ್ಮರಿಸುವುದು ರೂಢಿಯಾಗಿದೆ. ಕಾವ್ಯಾರಂಭದ ಪೂರ್ವಕವಿಸ್ತುತಿಯಂತೆ ಇದು ಮುಗಿದ ಮೇಲೆ ಆ ಮಹನೀಯರು ಮುಂದಿನ ಪುಟಗಳಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಕವಿಗೆ ಇದು ಭೂಷಣವಾದೀತು, ಸಂಶೋಧಕನಿಗೆ ಸಲ್ಲದು. ಏಕೆಂದರೆ ಮಗುವಿನ ಸೋಲಿಗೆ ಯಾರು ಹೊಣೆಯೆಂಬುದನ್ನು ಅವನು ಆರಿಸಿದ ಸಿದ್ಧಾಂತವೇ ಬಹುಮಟ್ಟಿಗೆ ಮೊದಲೇ ನಿರ್ಣಯಿಸಿಬಿಡುತ್ತದೆ.

ಏಳನೆಯ ತರಗತಿಯ ಮಕ್ಕಳು ಲೋಪ, ಆಗಮ, ಆದೇಶ ಸಂಧಿಗಳ ಲಕ್ಷಣವನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. 'ಮಳೆಗಾಲ' ಎಂಬುದನ್ನು ಬಿಡಿಸೆಂದರೆ ತಡವರಿಸುತ್ತಾರೆ. ಅಭ್ಯಾಸಬಲವನ್ನು ನಂಬಿದ ಸಂಶೋಧಕನು ಪುನರಾವರ್ತನೆ ಸಾಲದೆನ್ನುತ್ತಾನೆ. ಥಾರ್ನ್‌ಡೈಕರ ಹೆಸರನ್ನೂ ಹೇಳುತ್ತಾನೆ. 1898ರಲ್ಲಿ ಬೆಕ್ಕುಗಳ ಪ್ರಯೋಗಗಳನ್ನು ಪ್ರಕಟಿಸಿದ ಆ ವಿದ್ವಾಂಸರೇ 1930ರ ಸುಮಾರಿಗೆ ತಮ್ಮ ಅಭ್ಯಾಸನಿಯಮವನ್ನು ತಿದ್ದಿಕೊಂಡರು. ಕಣ್ಣು ಕಟ್ಟಿಕೊಂಡು ಗೊತ್ತಾದ ಅಳತೆಯ ಗೆರೆ ಎಳೆಯುವವರಿಗೆ, ಎಳೆದುದು ಸರಿಯೋ ತಪ್ಪೋ ತಿಳಿಯದಿದ್ದರೆ, ಎಷ್ಟು ಬಾರಿ ಎಳೆದರೂ ಕೈ ಕುದುರುವುದಿಲ್ಲವೆಂದು ಅವರು ಕಂಡುಕೊಂಡಿದ್ದರು. ಕಂಠಪಾಠವನ್ನು ಅವರ ಹೆಸರಿನಲ್ಲಿ ಸಮರ್ಥಿಸುವವರು ಈ ತಿದ್ದುಪಡಿಯನ್ನು ಓದಿದಂತೆ ತೋರುವುದಿಲ್ಲ.

ಪಿಯಾಜೆಯವರನ್ನು ಅನುಸರಿಸುವವನು, ಅಮೂರ್ತ ನಿಯಮವನ್ನು ಗ್ರಹಿಸುವ ಶಕ್ತಿ ಹನ್ನೊಂದು ಹನ್ನೆರಡರ ವಯಸ್ಸಿನಲ್ಲಷ್ಟೇ ಮೂಡತೊಡಗುತ್ತದೆಂದು ಮಗುವಿನ ಪಕ್ವತೆಯನ್ನು ಅಳೆಯಲು ಹೊರಡುತ್ತಾನೆ. ವೈಗೋಟ್ಸ್ಕಿಯವರನ್ನು ಓದಿದವನಾದರೋ ಮಗು ಒಂಟಿಯಾಗಿ ಮಾಡಬಲ್ಲುದನ್ನೂ ಬಲ್ಲವರ ನೆರವಿನಿಂದ ಮಾಡಬಲ್ಲುದನ್ನೂ ಹೋಲಿಸುತ್ತಾನೆ. ಆಗ ಪ್ರಶ್ನೆ ಬೋಧನೆಯ ಕಡೆಗೆ ತಿರುಗುತ್ತದೆ. ತರಗತಿ ಒಂದೇ, ಪದ ಒಂದೇ. ಒಂದರಲ್ಲಿ ಮಗು ವಿಚಾರಣೆಗೆ ನಿಂತರೆ ಇನ್ನೊಂದರಲ್ಲಿ ಉಪಾಧ್ಯಾಯರು.

ಆದಕಾರಣ ಸಿದ್ಧಾಂತವನ್ನು ಮೂಲದಲ್ಲಿಯೇ ಅರಸಬೇಕು. ಇತ್ತೀಚಿನ ಲೇಖನವೊಂದನ್ನು ಹಿಡಿದು, ಅದು ಯಾರನ್ನು ಆಧರಿಸಿದೆ, ಅವರು ಯಾರನ್ನು ಆಧರಿಸಿದರು ಎಂದು ಹಿಂದಕ್ಕೆ ನಡೆಯುವುದೇ ದಾರಿ. ಕಟ್ಟಡಕ್ಕೆ ಸಾರುವೆ ಕಟ್ಟುವಂತೆ ಕಲಿಯುವವನಿಗೆ ತಾತ್ಕಾಲಿಕ ಆಧಾರ ಕೊಡಬೇಕೆಂಬ ಪ್ರಸಿದ್ಧ ಹೋಲಿಕೆಯನ್ನು ಕೈಪಿಡಿಗಳು ವೈಗೋಟ್ಸ್ಕಿಯವರದೆಂದು ಬರೆಯುವುದುಂಟು. ಅವರು ತೀರಿಕೊಂಡದ್ದು 1934ರಲ್ಲಿ. ಆ ಹೋಲಿಕೆ ನೆಲೆಗೊಂಡದ್ದು ವುಡ್, ಬ್ರೂನರ್, ರಾಸ್ ಎಂಬ ಮೂವರ 1976ರ ಲೇಖನದಿಂದ.

ಆಯ್ಕೆಗೆ ನಮ್ಮ ಶಾಸ್ತ್ರಕಾರರ ಒರೆಗಲ್ಲು ಇಂದಿಗೂ ಸವೆದಿಲ್ಲ. ಕಂಠಪಾಠದ ಯಶಸ್ಸನ್ನು ವಿವರಿಸಿ ಪದ ಬಿಡಿಸುವಲ್ಲಿನ ಸೋಲನ್ನು ವಿವರಿಸದ ಸಿದ್ಧಾಂತಕ್ಕೆ ಅವ್ಯಾಪ್ತಿದೋಷ. ಮಗು ಗೆದ್ದರೂ ಸೋತರೂ 'ಪರಿಸರದ ಪ್ರಭಾವ'ವೆನ್ನುವ ಮಾತಿಗೆ ಅತಿವ್ಯಾಪ್ತಿ. ಎರಡನೆಯದೇ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಎಂದೂ ತಪ್ಪಾಗದು.

ಎರಡು ಸಿದ್ಧಾಂತಗಳ ನಡುವೆ ಸಂದೇಹವುಂಟಾದರೆ ಅವೆರಡೂ ಭಿನ್ನ ಫಲವನ್ನು ಹೇಳುವ ಸಂದರ್ಭವನ್ನು ಹುಡುಕಬೇಕು. ಮೊದಲು ಮಕ್ಕಳು ತಾವಾಗಿಯೇ ಪದಗಳನ್ನು ಬಿಡಿಸಲಿ. ಬಳಿಕ ಉಪಾಧ್ಯಾಯರು ಹಂತಹಂತವಾಗಿ ಸುಳಿವು ಕೊಡಲಿ. ವಾರ ಕಳೆದ ಮೇಲೆ ಸುಳಿವಿಲ್ಲದೆ 'ಬೆಟ್ಟದಾವರೆ'ಯಂತಹ ಹೊಸ ಪದವನ್ನು ಮುಂದಿಡಲಿ. ಆಗಲೂ ಅವರು ಬಿಡಿಸಬಲ್ಲರಾದರೆ, ವಯಸ್ಸು ಸಾಲದೆಂಬ ವಾದ ಆ ತರಗತಿಯ ಮಟ್ಟಿಗೆ ನಿಲ್ಲದು.