ಆಕಾಶದ ಕೋಟೆ

ಕೊಪ್ಪಳದ ಬೆಟ್ಟದ ಕೋಟೆಯನ್ನು ಟಿಪ್ಪು ಸುಲ್ತಾನನು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದನು. 1790ರಲ್ಲಿ ಅದನ್ನು ಮುತ್ತಿದ ಇಂಗ್ಲಿಷರ ಹಾಗೂ ನಿಜಾಮನ ಸೈನ್ಯಗಳಿಗೆ ಅದು ಕೈವಶವಾಗಲು ಸುಮಾರು ಆರು ತಿಂಗಳು ಹಿಡಿಯಿತು. ಆದರೂ ಕೈವಶವಾಯಿತು. ಸುತ್ತಲಿನ ನೆಲವು ಹಗೆಯ ವಶವಾದ ಮೇಲೆ ಎಂಥ ಕೋಟೆಯೂ ಎಷ್ಟು ಕಾಲ ನಿಂತೀತು?

ಇಂದು ಮನುಷ್ಯನು ಆಕಾಶದಲ್ಲಿಯೂ ಕೋಟೆ ಕಟ್ಟಿದ್ದಾನೆ. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ 'ಸ್ಟಾರ್‌ಲಿಂಕ್' ಎಂಬ ಹೆಸರಿನ ಸಾವಿರಾರು ಕೃತಕ ಉಪಗ್ರಹಗಳು ಪುಂಜವಾಗಿ ಭೂಮಿಯನ್ನು ಸುತ್ತುತ್ತಿವೆ. ಒಂದನ್ನು ಹೊಡೆದರೆ ಅದರ ಕೆಲಸವನ್ನು ಇನ್ನೊಂದು ವಹಿಸಿಕೊಳ್ಳುತ್ತದೆ. ಆದುದರಿಂದ ಇಂಥ ಪುಂಜಕ್ಕೆ ಶತ್ರುಭಯವಿಲ್ಲವೆಂದು ಹೇಳುವವರುಂಟು. ನನಗೆ ಇದು ಅರ್ಧಸತ್ಯವೆಂದು ತೋರುತ್ತದೆ.

ಉಪಗ್ರಹವು ಮೇಲಿದ್ದರೂ ಅದರ ಬೇರು ನೆಲದಲ್ಲಿದೆ. 2022ರ ಫೆಬ್ರವರಿ 24ರಂದು, ರಷ್ಯವು ಯುಕ್ರೇನಿನ ಮೇಲೆ ದಂಡೆತ್ತಿದ ದಿನ, ವಯಾಸ್ಯಾಟ್ ಕಂಪನಿಯ 'ಕೆಎ-ಸ್ಯಾಟ್' ಉಪಗ್ರಹಕ್ಕೆ ಯಾವ ಪೆಟ್ಟೂ ತಗಲಲಿಲ್ಲ. ಆದರೆ ಗಣಕಜಾಲದೊಳಗೆ ನುಗ್ಗಿದವರು ನೆಲದ ಮೇಲಿನ ಸಾವಿರಾರು ಮೋಡೆಮ್‌ಗಳನ್ನು ಕೆಡಿಸಿಬಿಟ್ಟರು. ಯುದ್ಧದಲ್ಲಿ ಸೇರದ ಜರ್ಮನಿ ಮೊದಲಾದ ಕಡೆ ಸುಮಾರು 5,800 ಗಾಳಿಯಂತ್ರಗಳು ತಿರುಗುತ್ತಲೇ ಇದ್ದವು; ದೂರದ ಕಚೇರಿಯಿಂದ ಅವುಗಳ ಮೇಲೆ ನಿಗಾ ಇಡುವ ದಾರಿ ಮಾತ್ರ ಇಲ್ಲವಾಯಿತು. ಕುಷ್ಟಗಿ, ಯಲಬುರ್ಗಾಗಳ ಹೊಲಗಳ ನಡುವೆ ನಿಂತ ಗಾಳಿಯಂತ್ರಗಳನ್ನು ಕಂಡವರು ಇದನ್ನು ಸುಲಭವಾಗಿ ಊಹಿಸಿಕೊಳ್ಳಬಲ್ಲರು. ಕೆಎ-ಸ್ಯಾಟ್ ಒಂಟಿ ಉಪಗ್ರಹವೆಂಬುದು ನಿಜ. ಆದರೆ ಪುಂಜಕ್ಕೂ ನೆಲದ ಕೇಂದ್ರಗಳು ಬೇಕೇ ಬೇಕು. ನಮ್ಮ ಹಾಸನದ ಪ್ರಧಾನ ನಿಯಂತ್ರಣ ಕೇಂದ್ರವೂ ಇಂಥದೊಂದು ಬೇರು.

ಚೂರುಗಳ ಭಯ ಬೇರೆಯೇ ಇದೆ. 2007ರಲ್ಲಿ ಚೀನವು ತನ್ನದೇ ಹಳೆಯ ಹವಾಮಾನ ಉಪಗ್ರಹವೊಂದನ್ನು ಸುಮಾರು 850 ಕಿಲೋಮೀಟರ್ ಎತ್ತರದಲ್ಲಿ ಕ್ಷಿಪಣಿಯಿಂದ ಒಡೆಯಿತು. ಲೆಕ್ಕಕ್ಕೆ ಸಿಕ್ಕ ಚೂರುಗಳೇ 3,000 ಮೀರಿದವು. ಸೆಕೆಂಡಿಗೆ ಏಳು ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಓಡುವ ಚೂರಿಗೆ ಸ್ವಪಕ್ಷ, ಪರಪಕ್ಷವೆಂಬ ಭೇದವುಂಟೆ? 2019ರ ಮಾರ್ಚ್ 27ರಂದು ಭಾರತವೂ ತನ್ನದೊಂದು ಉಪಗ್ರಹವನ್ನು ಒಡೆದು ತೋರಿಸಿತು. ಚೂರುಗಳು ಬೇಗನೆ ಬಿದ್ದು ಉರಿದುಹೋಗಲೆಂದು ಸುಮಾರು 300 ಕಿಲೋಮೀಟರ್ ಎತ್ತರವನ್ನೇ ಆರಿಸಿಕೊಂಡದ್ದು ವಿವೇಕದ ಕೆಲಸ. ಆದರೂ ಕೆಲವು ಮೇಲಕ್ಕೆ ಸಿಡಿದವು.

ಇಂಥ ಪರೀಕ್ಷೆಗಳನ್ನು ನಡೆಸದಿರಿ ಎಂಬ ಕರೆಗೆ 2022ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ 155 ರಾಷ್ಟ್ರಗಳು ಒಪ್ಪಿಗೆಯಿತ್ತವು. ಭಾರತ ತಟಸ್ಥವಾಗಿ ಉಳಿಯಿತು. ಕೆಲವೇ ದೇಶಗಳು ಒಡೆಯುವ ವಿದ್ಯೆ ಕಲಿತು ಉಳಿದವರಿಗೆ ಬಾಗಿಲು ಮುಚ್ಚಬಾರದೆಂಬ ನಮ್ಮ ಹಳೆಯ ಶಂಕೆ ನಿರಾಧಾರವಾದುದಲ್ಲ. ಆದರೆ ಆ ವಿದ್ಯೆ ಈಗ ನಮ್ಮ ಕೈಯಲ್ಲೇ ಇದೆ. ನಾವು ಒಪ್ಪಿಗೆ ಕೊಡಬೇಕಾಗಿತ್ತೆಂಬುದು ನನ್ನ ಅಭಿಪ್ರಾಯ. ಗಂಗಾವತಿಯ ಭತ್ತದ ಬಯಲೂ ಸೇರಿದಂತೆ ನಾಡಿನ ಬೆಳೆಗಳನ್ನು ಗಮನಿಸುವ ನಮ್ಮ ರಿಸೋರ್ಸ್‌ಸ್ಯಾಟ್ ಉಪಗ್ರಹಗಳ ಹಾದಿ ಸುಮಾರು 820 ಕಿಲೋಮೀಟರ್ ಎತ್ತರದಲ್ಲಿದೆ. 2007ರ ಚೂರುಗಳಲ್ಲಿ ಬಹಳಷ್ಟು ಇನ್ನೂ ಅದೇ ನೆರೆಯಲ್ಲಿ ಸುತ್ತುತ್ತಿವೆ.